ಗಾಜಿನ ಪೆಟ್ಟಿಗೆಯ ಕತ್ತರಿ

ಬಳ್ಳಾರಿ
೧೦ ಅಕ್ಟೋಬರ್ ೨೦೨೫

ಗೌಸ್ ಮಾಸ್ಟರ್ ಅವರಿಗೆ,

ನೀವು ಫೋನು ಎತ್ತುತ್ತಿಲ್ಲ. ಯೂನಿಟ್ಟಿನ ವಾಟ್ಸಾಪ್ ಗುಂಪಿನಿಂದಲೂ ಹೊರಗೆ ಹೋಗಿದ್ದೀರಿ. ಆದ್ದರಿಂದ ಕುರುಗೋಡಿನ ವಿಳಾಸಕ್ಕೆ ಈ ಕಾಗದ. ವಿಳಾಸಕ್ಕಾಗಿ ನೀವು ಸೇರಿದ ವರ್ಷದ ಅರ್ಜಿಯನ್ನು ಹುಡುಕಿಸಬೇಕಾಯಿತು. ಇಪ್ಪತ್ತಾರು ವರ್ಷದ ಹಿಂದಿನದು. ಅದಕ್ಕೆ ಅಂಟಿಸಿದ ಫೋಟೋದಲ್ಲಿ ನಿಮಗೆ ಮೀಸೆ ಇದೆ.

ಆಯುಧಪೂಜೆ ಮುಗಿದು ಬಾಗಿಲು ತೆರೆದ ಮೂರನೆಯ ತಾರೀಖು ನೀವು ಬಂದದ್ದನ್ನು ಹುಲಿಗೇಶ್ ನೋಡಿದ್ದಾನೆ. ಕಟಿಂಗ್ ಹಾಲಿನ ಗೋಡೆಯ ಮುಂದೆ ಹತ್ತು ನಿಮಿಷ ನಿಂತಿದ್ದಿರಂತೆ. ಆಮೇಲೆ ಯಾರಿಗೂ ಏನೂ ಹೇಳದೆ ಹೊರಟುಹೋದಿರಂತೆ. ನಿಮ್ಮ ಕೈಕೆಳಗೆ ಹನ್ನೊಂದು ವರ್ಷ ಪಳಗಿದ ಅವನಿಗೂ ಒಂದು ಮಾತಿಲ್ಲ.

ಮ್ಯಾನೇಜರ್ ಆಗಿ ನಾನು ಇದನ್ನು ಬರೆಯಲೇಬೇಕು. ಈ ಊರಿನ ಯಾವ ಜೀನ್ಸ್ ಯೂನಿಟ್ಟೂ ಒಬ್ಬ ಕಟಿಂಗ್ ಮಾಸ್ಟರನಿಗೆ ಮಾಡದ ಗೌರವವನ್ನು ನಿಮಗೆ ಮಾಡಿದೆವು. ನೂರಿಪ್ಪತ್ತು ಜನರೆದುರು ಶಾಲು ಹೊದಿಸಿದೆವು. ತಿರುಗುವ ಕುರ್ಚಿ ತರಿಸಿದೆವು. ಗೇಟಿನ ಒಳಗೆ ನಿಮ್ಮ ಗಾಡಿ ನಿಲ್ಲಿಸಲು ಹೆಸರು ಬರೆಸಿ ಜಾಗ ಬಿಟ್ಟೆವು. ಎಲ್ಲಕ್ಕಿಂತ ಹೆಚ್ಚಾಗಿ, ಪೂಜೆಗಿಟ್ಟ ನಿಮ್ಮ ಕತ್ತರಿಗೆ ಚಿನ್ನದ ಬಣ್ಣ ಹಾಕಿಸಿ, ಗಾಜಿನ ಪೆಟ್ಟಿಗೆಯಲ್ಲಿರಿಸಿ, ಕೆಳಗೆ ‘ಮಹಮ್ಮದ್ ಗೌಸ್, ಇಪ್ಪತ್ತಾರು ವರ್ಷ’ ಎಂದು ಫಲಕ ಹಾಕಿದೆವು. ರಜೆಯ ದಿನ ಬಡಗಿಯನ್ನು ಕರೆಸಿ ಮಾಡಿಸಿದ ಕೆಲಸ. ನೀವು ಬಂದಾಗ ಆಶ್ಚರ್ಯವಾಗಲಿ ಎಂದಿತ್ತು.

ಮುಂಬಯಿಯ ಗಿರಾಕಿಗಳು ತಿಂಗಳ ಕೊನೆಗೆ ಬರುತ್ತಾರೆ. ಹನ್ನೆರಡು ಸ್ಯಾಂಪಲ್ ಕೈಯಿಂದ ಕತ್ತರಿಸಬೇಕು. ಇನ್ನೇನು ಬೇಕಂತೆ ಕೇಳಿ ಎಂದು ಮಾಲೀಕರು ಹೇಳಿದ್ದಾರೆ. ಕೇಳುತ್ತಿದ್ದೇನೆ.

ಇತಿ,
ನೀಲಾವತಿ


ಕುರುಗೋಡು
೧೫ ಅಕ್ಟೋಬರ್ ೨೦೨೫

ನೀಲಾವತಿ ಮೇಡಂ ಅವರಿಗೆ,

ಗೌಸ್ ಮಾಡುವ ಸಲಾಮು. ಕಾಗದ ಬಂತು. ಅಂಚೆಯಲ್ಲಿ ಬಂದದ್ದಕ್ಕೆ ಅಂಚೆಯಲ್ಲೇ ಉತ್ತರ ಬರೆಯುತ್ತಿದ್ದೇನೆ.

ಏನು ಬೇಕು ಎಂದು ಕೇಳಿದ್ದೀರಿ. ನನ್ನ ಕತ್ತರಿ ಬೇಕು. ಕೊಡುತ್ತೇವೆ ಎಂದು ಬರೆದರೆ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ.

ಪೂಜೆಗಿಟ್ಟ ಆಯುಧವನ್ನು ಹಬ್ಬ ಮುಗಿದ ಮೇಲೆ ಎತ್ತಬೇಕು. ಇದು ನಾನು ನಿಮಗೆ ಹೇಳುವ ಮಾತಲ್ಲ, ಹಬ್ಬ ನಿಮ್ಮದು. ನನಗೆ ಹೇಳಿಕೊಟ್ಟವರು ಈಗಿನ ಮಾಲೀಕರ ತಂದೆ. ಮೊದಲ ವರ್ಷ ನಾನು ಕತ್ತರಿಯನ್ನು ಪೂಜೆಗೆ ಇಡಲೋ ಬೇಡವೋ ಎಂದು ಕೈಯಲ್ಲಿ ಹಿಡಿದು ನಿಂತಿದ್ದಾಗ, ‘ಇಡೋ ಗೌಸಾ, ದುಡಿಯೋ ಕಬ್ಬಿಣಕ್ಕ ಯಾವ ಜಾತಿ’ ಎಂದಿದ್ದರು. ಅವತ್ತಿನಿಂದ ಪ್ರತಿ ವರ್ಷ ಇಟ್ಟಿದ್ದೇನೆ. ಹಬ್ಬ ಮುಗಿದ ಮೇಲೆ ಯಾವ ಮಿಷನ್ನೂ ಶುರುವಾಗುವ ಮೊದಲು ಆ ಕುಂಕುಮ ಹತ್ತಿದ ಕತ್ತರಿಯಿಂದ ಒಂದು ಗೇಣು ಜೀನ್ಸ್ ಬಟ್ಟೆ ಕತ್ತರಿಸಿ ಎಲ್ಲರಿಗೂ ಒಂದೊಂದು ಚೂರು ಕೊಡುತ್ತಿದ್ದೆ. ನೀವು ದಾರ ಕತ್ತರಿಸುವ ಸಾಲಿನಲ್ಲಿ ಕೂರುತ್ತಿದ್ದಾಗ ನಿಮ್ಮ ಚೂರನ್ನು ಬುತ್ತಿಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಿರಿ.

ಈ ವರ್ಷ ಮಿಷನ್ನುಗಳು ಹಾಗೇ ಶುರುವಾದವು. ನಾನು ಗೋಡೆ ನೋಡುತ್ತ ನಿಂತಿದ್ದೆ.

ಶಾಲು ಚೆನ್ನಾಗಿದೆ.

ಮಹಮ್ಮದ್ ಗೌಸ್


ಬಳ್ಳಾರಿ
೧೯ ಅಕ್ಟೋಬರ್ ೨೦೨೫

ಗೌಸ್ ಮಾಸ್ಟರ್ ಅವರಿಗೆ,

ನಿಮ್ಮ ಮಾತನ್ನು ಮಾಲೀಕರಿಗೆ ಹೇಳಿದೆ. ಅವರು ನಕ್ಕರು. ಗೌರವಕ್ಕೆಂದು ಇಟ್ಟದ್ದನ್ನು ಗೌರವ ಪಡೆದವನೇ ಬಿಚ್ಚಿಕೊಂಡು ಹೋಗುವುದನ್ನು ಎಲ್ಲಿಯೂ ಕೇಳಿಲ್ಲ ಎಂದರು. ಕತ್ತರಿಯೇ ಬೇಕಾದರೆ ಹೊರದೇಶದ ಒಳ್ಳೆಯ ಕತ್ತರಿ ತರಿಸಿಕೊಡಿ ಎಂದರು. ತರಿಸಿದ್ದೇನೆ. ನಿಮ್ಮ ಹಳೆಯದರ ಅರ್ಧ ತೂಕ, ಹಿಡಿಯಲ್ಲಿ ರಬ್ಬರ್ ಇದೆ.

ಮಾಸ್ಟರ್, ನನಗೆ ಕೋಪ ಬಂದಿದೆ, ಮುಚ್ಚಿಡುವುದಿಲ್ಲ. ಮನುಷ್ಯ ಒಂದು ಕತ್ತರಿಗಾಗಿ ಇಪ್ಪತ್ತಾರು ವರ್ಷದ ಕೆಲಸ ಬಿಡುತ್ತಾನೆ ಎಂದು ನಂಬಲು ನಾನು ಮಗುವಲ್ಲ. ಸಿರುಗುಪ್ಪದಲ್ಲಿ ಹೊಸದಾಗಿ ತೆರೆದ ಯೂನಿಟ್ಟಿನವರು ನಿಮ್ಮನ್ನು ಎರಡು ಸಲ ಕಂಡಿದ್ದಾರೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಹೋಗುವವರು ಹೋಗುತ್ತೇನೆ ಎಂದು ಹೇಳಿ ಹೋಗಬೇಕು. ಪೂಜೆಯ ಹೆಸರು ಹೇಳಿ ನಮ್ಮನ್ನು ತಪ್ಪಿತಸ್ಥರನ್ನಾಗಿ ಮಾಡಬಾರದು.

ಹುಲಿಗೇಶ್ ಸ್ಯಾಂಪಲ್ ಕತ್ತರಿಸುತ್ತಿದ್ದಾನೆ. ಮೂರು ಪೀಸ್ ಹಾಳಾದವು. ತೊಡೆಯ ತಿರುವಿನಲ್ಲಿ ಗೆರೆ ಬಿಟ್ಟು ಹೋಗುತ್ತಾನೆ. ಹತ್ತಿರ ಹೋಗಿ ನೋಡಿದರೆ ಅವನ ಕೈಯ ನೆರಳೇ ಗೆರೆಯ ಮೇಲೆ ಬೀಳುತ್ತಿತ್ತು.

ಇನ್ನೊಂದು ವಿಷಯ, ನಿಮಗೆ ಸಂತೋಷವಾಗುವುದಾದರೆ. ನಿಮ್ಮ ಕತ್ತರಿಯ ಪೆಟ್ಟಿಗೆಗೆ ಮಾಲೀಕರು ಒಳ್ಳೆಯ ಎಲ್‌ಇಡಿ ದೀಪ ಹಾಕಿಸಿದ್ದಾರೆ. ಬಾಗಿಲಿನಿಂದಲೇ ಕಾಣುತ್ತದೆ.

ನೀಲಾವತಿ


ಸಿರುಗುಪ್ಪ
೨ ನವೆಂಬರ್ ೨೦೨೫

ನೀಲಾವತಿ ಮೇಡಂ ಅವರಿಗೆ,

ಮಗಳು ಗುಲ್ನಾಜಳ ಮನೆಯಿಂದ ಬರೆಯುತ್ತಿದ್ದೇನೆ. ನಿಮ್ಮ ಕಾಗದ ಕುರುಗೋಡಿಗೆ ಹೋಗಿ ಇಲ್ಲಿಗೆ ಬಂತು. ಇನ್ನು ಮುಂದೆ ಬರೆಯುವುದಿದ್ದರೆ ಲಕೋಟೆಯ ಹಿಂದಿನ ವಿಳಾಸಕ್ಕೆ ಬರೆಯಿರಿ.

ಸಂತೋಷವಾಯಿತೇ ಎಂದು ಕೇಳಿದ್ದೀರಿ. ಹೇಳುತ್ತೇನೆ.

ನನ್ನ ಮೇಜಿನ ಮೇಲಿನ ಟ್ಯೂಬ್‌ಲೈಟ್ ಒಂದು ಕಡೆ ಕಪ್ಪಾಗಿದೆ, ಇನ್ನೊಂದು ಕಡೆ ಮಿಣುಕುತ್ತದೆ ಎಂದು ಮೂರು ವರ್ಷದಿಂದ ಹೇಳಿದ್ದೇನೆ. ಮೊದಲ ವರ್ಷ ಬಾಯಿಂದ ಹೇಳಿದೆ. ಎರಡನೆಯ ವರ್ಷ ನೀವೇ ‘ಬರೆದು ಕೊಡಿ’ ಎಂದಿರಿ, ಬರೆದು ಕೊಟ್ಟೆ. ಮೂರನೆಯ ವರ್ಷ ಸಲಹಾಪೆಟ್ಟಿಗೆ ಎಂದು ಒಂದು ಡಬ್ಬ ಇಟ್ಟಿರಿ, ಅದರಲ್ಲಿ ಹಾಕಿದೆ. ಹುಲಿಗೇಶನ ಕೈಯ ನೆರಳನ್ನು ಈಗ ನೋಡಿದ್ದೀರಿ. ಆ ನೆರಳಿನ ಜೊತೆ ನಾನು ಮೂರು ವರ್ಷ ಕತ್ತರಿಸಿದ್ದೇನೆ. ಕೊನೆಗೆ ದೀಪ ಬಂತು. ಕೆಲಸ ಮಾಡುವ ಮೇಜಿಗಲ್ಲ, ಕೆಲಸ ನಿಲ್ಲಿಸಿದ ಕತ್ತರಿಗೆ.

ತಿರುಗುವ ಕುರ್ಚಿ ಕೊಟ್ಟಿರಿ. ಕಟಿಂಗ್ ಮಾಡುವವನು ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತಿರುತ್ತಾನೆ. ಕೂತರೆ ಭುಜದ ಬಲ ಬಟ್ಟೆಗೆ ಇಳಿಯುವುದಿಲ್ಲ. ಈಗಿನ ಮಾಲೀಕರಿಗೆ ಗೊತ್ತಿರಲಿಕ್ಕಿಲ್ಲ. ನಿಮಗೆ ಗೊತ್ತು, ಹತ್ತೊಂಬತ್ತು ವರ್ಷ ನೋಡಿದ್ದೀರಿ.

ಗಾಡಿ ನಿಲ್ಲಿಸಲು ಜಾಗ ಕೊಟ್ಟಿರಿ. ನನ್ನ ಹತ್ತಿರ ಗಾಡಿ ಎಲ್ಲಿದೆ? ಬಸ್ಸಿಳಿದು ನಡೆದು ಬರುತ್ತಿದ್ದೆ. ಆ ಬೋರ್ಡಿನ ಮುಂದೆ ಇಸ್ತ್ರಿ ಸೆಕ್ಷನ್ನಿನ ದುರುಗಪ್ಪ ನನ್ನನ್ನು ತಡೆದು, ‘ನಿಂದರ್ರಿ ಮಾಸ್ಟರ್, ಚಪ್ಪಲಿ ಇಲ್ಲೇ ಪಾರ್ಕ್ ಮಾಡಿ ಒಳಗ ಹೋಗ್ರಿ’ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಗೋಡೆ ನೋಡಿದೆ.

ಇಷ್ಟನ್ನೂ ತಡೆದುಕೊಳ್ಳುತ್ತಿದ್ದೆ. ಕುರ್ಚಿಯನ್ನು ಮೂಲೆಗೆ ತಳ್ಳಬಹುದು, ಬೋರ್ಡಿನ ಪಕ್ಕದಿಂದ ನಡೆದು ಬರಬಹುದು. ಆದರೆ ಬೇರೆ ಕತ್ತರಿ ನನ್ನ ಕೈಗೆ ಆಗುವುದಿಲ್ಲ. ಹೊರದೇಶದ್ದೂ ಆಗುವುದಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಈ ಬುದ್ಧಿ ಯಾರದೆಂದು ಗೊತ್ತಿಲ್ಲ. ಯಾರದಾದರೂ ಸರಿ, ಅವರಿಗೆ ಹೇಳಿ: ಕೊಡುವ ಮೊದಲು ತೆಗೆದುಕೊಳ್ಳುವವನ ಕೈಯನ್ನು ಒಮ್ಮೆ ನೋಡಬೇಕು.

ಗೌಸ್


ಬಳ್ಳಾರಿ
೬ ನವೆಂಬರ್ ೨೦೨೫

ಗೌಸ್ ಮಾಸ್ಟರ್ ಅವರಿಗೆ,

ಕಾಗದದ ಮೇಲೆ ಸಿರುಗುಪ್ಪದ ಮುದ್ರೆ ನೋಡಿದೆ. ಉಳಿದದ್ದನ್ನು ಓದುವ ಅಗತ್ಯವಿರಲಿಲ್ಲ, ಆದರೂ ಓದಿದೆ. ಮಗಳ ಮನೆ ಎಂದಿದ್ದೀರಿ. ಹಾಗೇ ಇರಲಿ. ಹೊಸ ಯೂನಿಟ್ಟೂ ಅದೇ ಊರಿನಲ್ಲಿ ಇರುವುದು ಆಕಸ್ಮಿಕ ಎಂದುಕೊಳ್ಳುತ್ತೇನೆ.

ಬೋರ್ಡು ತೆಗೆಸಿದ್ದೇನೆ. ಕುರ್ಚಿಯಲ್ಲಿ ಈಗ ಸೆಕ್ಯುರಿಟಿಯವನು ಕೂರುತ್ತಾನೆ. ನಿಮ್ಮ ಟೇಪು, ಸೀಮೆಸುಣ್ಣದ ಡಬ್ಬ, ಊಟದ ಡಬ್ಬ, ಸನ್ಮಾನದ ಫೋಟೋ ಎಲ್ಲವನ್ನೂ ಹುಲಿಗೇಶ್ ಮುಂದಿನ ರಜೆಯಲ್ಲಿ ತಂದುಕೊಡುತ್ತಾನೆ. ಹೊರದೇಶದ ಕತ್ತರಿಯನ್ನೂ ಕಳಿಸುತ್ತೇನೆ. ಅದು ನಿಮ್ಮ ಹೆಸರಿನಲ್ಲಿ ತರಿಸಿದ್ದು, ಇಲ್ಲಿರುವುದು ಬೇಡ. ಸಿರುಗುಪ್ಪದ ನಿಮ್ಮ ಹೊಸ ಮಾಲೀಕರ ಮೇಜಿನ ಮೇಲೆ ಚೆನ್ನಾಗಿ ಕಾಣುತ್ತದೆ.

ನೀಲಾವತಿ
ಮ್ಯಾನೇಜರ್


ಬಳ್ಳಾರಿ
೨೭ ನವೆಂಬರ್ ೨೦೨೫

ಗೌಸಣ್ಣನವರಿಗೆ,

ಹೋದ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಬರೆಯದಿದ್ದದ್ದೇ ಸರಿ.

ಹುಲಿಗೇಶ್ ರಜೆಯಲ್ಲಿ ನಿಮ್ಮಲ್ಲಿಗೆ ಬಂದು ಹೋದ. ಮರುದಿನ ನಾನೇ ಕರೆದು, ಹೊಸ ಯೂನಿಟ್ಟು ಹೇಗಿದೆ ಎಂದು ಕೇಳಿದೆ. ಚುಚ್ಚಿ ಕೇಳಿದೆ, ಒಪ್ಪಿಕೊಳ್ಳುತ್ತೇನೆ. ಅವನು ನನ್ನ ಮುಖ ನೋಡಲಿಲ್ಲ.

‘ಯಾವ ಯೂನಿಟ್ಟು ಮೇಡಂ? ಮಾಸ್ಟರ್ ರೈಸ್‌ಮಿಲ್ಲಿನಾಗ ಅಕ್ಕಿ ಚೀಲದ ಬಾಯಿ ಹೊಲಿಯಾಕತ್ತಾರ. ಗಂಟ್ಲತನಕ ಧೂಳು. ನನ್ನ ನೋಡಿ, ಲೇ ಹುಲಿಗ್ಯಾ, ಕುರ್ಚಿ ತರ್ಲಿಲ್ಲೇನಲೇ ಅಂತ ನಕ್ಕರು.’

ಆಮೇಲೆ ಆ ರಬ್ಬರ್ ಹಿಡಿಯ ಕತ್ತರಿಯನ್ನು ಬಿಚ್ಚಿ ನಿಮ್ಮ ಕೈಗೆ ಕೊಟ್ಟನಂತೆ. ನೀವು ಬೆರಳು ತೂರಿಸಿ, ಒಂದು ಚೀಲದ ಅಂಚನ್ನು ಕತ್ತರಿಸಲು ನೋಡಿದಿರಂತೆ. ಹೆಬ್ಬೆರಳು ಹಿಡಿಯ ಬಳೆಯಿಂದ ಜಾರಿ ಕತ್ತರಿ ಕಾಲ ಮೇಲೆ ಬಿತ್ತಂತೆ. ನೀವು ಅದನ್ನು ಎತ್ತಿ, ಒರೆಸಿ, ಮತ್ತೆ ಕಾಗದದಲ್ಲಿ ಸುತ್ತಿ ಕೊಟ್ಟಿರಂತೆ.

‘ಅವರಿಗೆ ಹೆಬ್ಬಟ್ಟು ಅರ್ಧ ಇಲ್ಲ ಅಂಬೋದು ನಿಮಗ ಗೊತ್ತಿಲ್ಲೇನ್ರಿ ಮೇಡಂ?’ ಎಂದು ಹುಲಿಗೇಶ್ ಕೇಳಿದ.

ಗೊತ್ತಿತ್ತು. ಹತ್ತೊಂಬತ್ತು ವರ್ಷ ಆ ಹೆಬ್ಬೆರಳನ್ನು ನೋಡಿದ್ದೇನೆ. ನೀವು ಸೀಮೆಸುಣ್ಣ ಹಿಡಿಯುವಾಗ, ಚಹಾದ ಲೋಟ ಹಿಡಿಯುವಾಗ. ಮನೆಯ ಬಾಗಿಲಿಗೆ ಸಿಕ್ಕಿತು ಎಂದು ನೀವೊಮ್ಮೆ ಹೇಳಿದ್ದಿರಿ. ನಿಮ್ಮ ಕತ್ತರಿಯ ಒಂದು ಬಳೆ ಸೊಟ್ಟಗಿರುವುದನ್ನೂ ಅದಕ್ಕೆ ಚರ್ಮ ಸುತ್ತಿರುವುದನ್ನೂ ನೋಡಿದ್ದೇನೆ. ಎರಡನ್ನೂ ಬೇರೆಬೇರೆಯಾಗಿ ನೋಡಿದೆ. ಬಣ್ಣ ಹಾಕುವವನು, ಈ ಸೊಟ್ಟ ಬಳೆಯನ್ನು ನೆಟ್ಟಗೆ ಮಾಡಲೇ ಎಂದು ಕೇಳಿದಾಗ, ಬೇಡ, ಹಾಗೇ ಇರಲಿ, ಹಳೆಯದು ಅನ್ನಿಸಬೇಕು ಎಂದವಳು ನಾನೇ.

ಹೌದು, ನಾನೇ. ನೀವು ಬುದ್ಧಿ ಯಾರದೆಂದು ಕೇಳಿದ್ದಿರಿ. ಸೆಪ್ಟೆಂಬರಿನಲ್ಲಿ ಮಾಲೀಕರು ನನ್ನನ್ನು ಕರೆದು, ಮಾಸ್ಟರ್ ಹೋಗದ ಹಾಗೆ ಏನಾದರೂ ಮಾಡಿ, ಆದರೆ ಸಂಬಳದ ಮಾತು ಬೇಡ ಎಂದರು. ಒಂದು ಹೋಟೆಲಿನ ತಂಪು ಕೋಣೆಯಲ್ಲಿ ಒಂದು ದಿನದ ತರಬೇತಿಗೆ ಕಳಿಸಿದರು. ದುಡ್ಡಿಲ್ಲದೆ ಕೆಲಸಗಾರರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಅಲ್ಲಿ ಹೇಳಿಕೊಟ್ಟರು. ಗುರುತಿಸಿ, ಮೆಚ್ಚಿ, ಹೆಸರು ಬರೆಸಿ ಎಂದರು. ಎಲ್ಲವನ್ನೂ ಬರೆದುಕೊಂಡೆ. ಕೆಲಸಗಾರನನ್ನೇ ಕೇಳಿ ಎಂದೂ ಹೇಳಿದರು. ಅದನ್ನೂ ಬರೆದುಕೊಂಡಿದ್ದೇನೆ, ಈಗ ನೋಡಿದೆ, ಪುಟದ ಕೊನೆಯಲ್ಲಿದೆ. ಕುರ್ಚಿ, ಬೋರ್ಡು, ಪೆಟ್ಟಿಗೆ ಮೂರೂ ನನ್ನ ಪಟ್ಟಿಯವು. ದೀಪ ಮಾತ್ರ ಮಾಲೀಕರದು. ದಾರ ಕತ್ತರಿಸುವ ಸಾಲಿನಿಂದ ಎದ್ದು ಗಾಜಿನ ಕೋಣೆಗೆ ಹೋದವಳು ನಾನು. ಅಲ್ಲಿಂದ ನೋಡಿದರೆ ಎಲ್ಲ ಕೈಗಳೂ ಒಂದೇ ಥರ ಕಾಣುತ್ತವೆ. ಇದು ಕಾರಣ ಅಷ್ಟೇ, ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಅದು ನನಗೆ ಸುಲಭವಾಗುತ್ತದೆ.

ಮಾಲೀಕರ ಹತ್ತಿರ ಹೋದೆ. ಕತ್ತರಿ ಬಿಚ್ಚಿಕೊಡಿ ಎಂದೆ.

‘ಏನ್ರೀ ಮೇಡಂ, ಒಂದು ಕತ್ರಿ ಸಲುವಾಗಿ ಇಷ್ಟು ತೆಲಿ ಕೆಡಿಸ್ಕೊಂಡೀರಿ? ಪ್ಯಾಟ್ಯಾಗ ಅಂಥಾವು ನೂರು ಸಿಗ್ತಾವು’ ಎಂದರು.

‘ನೂರು ಸಿಗ್ತಾವಂದ್ರ, ಅದ್ರಾಗಿನ ಒಂದನ್ನ ಆ ಪೆಟ್ಟಿಗ್ಯಾಗ ಇಡ್ರಿ’ ಎಂದೆ.

ಜಗಳವಾಗುತ್ತದೆ ಎಂದುಕೊಂಡಿದ್ದೆ. ಕೆಲಸ ಬಿಡುವ ಮಾತನ್ನೂ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದೆ. ಅವರು ಒಂದು ಕ್ಷಣ ಯೋಚಿಸಿ, ‘ಹೌದಲ್ಲ, ಬಣ್ಣ ಹಚ್ಚಿದ್ರ ಯಾವ್ದಾದ್ರೇನು’ ಎಂದು ಬೀಗದಕೈ ಕೊಟ್ಟರು. ಮತ್ತೆ ಫೋನು ನೋಡತೊಡಗಿದರು. ಗೌಸಣ್ಣ, ಎರಡು ತಿಂಗಳು ನಿಮ್ಮ ಕೈಯನ್ನು ಗೋಡೆಯ ಮೇಲೆ ಬೀಗ ಹಾಕಿ ಇಟ್ಟವರಿಗೆ ಅದು ನಿಮ್ಮದಾಗಿರಬೇಕೆಂಬ ಅಗತ್ಯವೂ ಇರಲಿಲ್ಲ.

ಈಗ ಆ ಪೆಟ್ಟಿಗೆಯಲ್ಲಿ ಪೇಟೆಯಿಂದ ತಂದ ಹೊಸ ಕತ್ತರಿ ಇದೆ. ಒಂದು ದಿನವೂ ಬಟ್ಟೆ ಮುಟ್ಟಿದ್ದಲ್ಲ. ಕೆಳಗೆ ನಿಮ್ಮ ಹೆಸರೇ ಇದೆ. ಮೊನ್ನೆ ಯಾರೋ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ನಿಮ್ಮದನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಬನ್ನಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ: ಬರುತ್ತೀರಾ?

ನೀಲಾವತಿ


ಕುರುಗೋಡು
೧೧ ಡಿಸೆಂಬರ್ ೨೦೨೫

ನೀಲಮ್ಮನಿಗೆ,

ಪಾರ್ಸೆಲ್ ಬಂತು. ಬಿಚ್ಚಿದಾಗ ಗುಲ್ನಾಜ್ ಪಕ್ಕದಲ್ಲಿದ್ದಳು. ‘ಅಬ್ಬಾ, ಇದೇನು ನಾಟಕದ ಕಂಪನಿಯಿಂದ ಬಂತೇನು’ ಎಂದಳು.

ಅದು ತೆರೆಯಲಿಲ್ಲ. ನಡುವಿನ ಮೊಳೆಗೆ ಚಿನ್ನದ ಬಣ್ಣ ಇಳಿದು ಕಲ್ಲಾಗಿತ್ತು. ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಆಗಲೂ ಆಗದೆ, ಅದನ್ನು ತೆಗೆದುಕೊಂಡು ಕುರುಗೋಡಿಗೆ ಬಂದೆ. ಇಲ್ಲಿ ಕಮ್ಮಾರ ಸುಂಕಣ್ಣ ಇದ್ದಾನೆ. ಹತ್ತೊಂಬತ್ತು ವರ್ಷದ ಹಿಂದೆ ಆ ಬಳೆಯನ್ನು ನನ್ನ ಮೊಂಡು ಬೆರಳಿಗೆ ಸರಿಯಾಗಿ ಬಾಗಿಸಿ ಕೊಟ್ಟವನು ಅವನೇ. ಕೈಯಲ್ಲಿ ತಿರುಗಿಸಿ ನೋಡಿ, ‘ಯಾವ ಬ್ಯಾಕೂಫ ಮಾಡಿದ ಕೆಲಸ ಇದು?’ ಎಂದು ಕೇಳಿದ. ನನ್ನ ತಂಗಿ ಎಂದೆ. ಅವನು ಇಕ್ಕಳ ಎತ್ತಿಕೊಂಡ.

ಬಾಗಿಲಿಗೆ ಸಿಕ್ಕಿದ್ದಲ್ಲ, ನೀಲಮ್ಮ. ಕಟಿಂಗ್ ಮಿಷನ್ನಿಗೆ ಸಿಕ್ಕಿದ್ದು. ಅದರ ಅಲಗಿಗೆ ಇರಬೇಕಾದ ತಡೆ ಮುರಿದಿತ್ತು. ನೀನು ಆಗ ಹೊಸಬಳು, ಆಚೆ ಕಟ್ಟಡದಲ್ಲಿದ್ದೆ. ಆ ವಾರ ತಪಾಸಣೆಯವರು ಬರುವವರಿದ್ದರು. ಮಾಲೀಕರ ತಂದೆ ಆಸ್ಪತ್ರೆಗೆ ಬಂದು ನನ್ನ ಮಂಚದ ಮೇಲೆ ಕೂತು, ಮನೆಯಲ್ಲಿ ಆಯಿತು ಅಂತ ಹೇಳೋ ಗೌಸಾ ಎಂದರು. ಹೇಳಿದೆ. ಗುಣವಾಗಿ ಬಂದ ದಿನ ನನಗೊಂದು ಕೈಗಡಿಯಾರ ಕಟ್ಟಿದರು. ಎಲ್ಲರೆದುರು, ನಂಬಿಕಸ್ತ ಕೆಲಸಗಾರ ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಇದು ನಿನ್ನ ತರಬೇತಿಗಿಂತ ಬಹಳ ಹಿಂದಿನ ವಿದ್ಯೆ.

ಆ ಗಡಿಯಾರವನ್ನು ಹತ್ತೊಂಬತ್ತು ವರ್ಷ ಕಟ್ಟಿಕೊಂಡು ತಿರುಗಿದೆ, ಅದೇ ನನ್ನ ತಪ್ಪು. ಇನ್ನೊಂದು ವಿಷಯವನ್ನೂ ಮುಚ್ಚಿಟ್ಟಿದ್ದೆ. ಸಿರುಗುಪ್ಪದವರಿಗೆ ನಾನು ಬರುವುದಿಲ್ಲ ಎಂದು ಹೇಳಿ ಆಯುಧಪೂಜೆಗೆ ಮೊದಲೇ ಎರಡು ವಾರ ಆಗಿತ್ತು. ಮಗಳ ಮನೆ ಹತ್ತಿರ, ಹೆಚ್ಚಿನ ಸಂಬಳ, ಆದರೂ ಬೇಡ ಎಂದಿದ್ದೆ. ನಮ್ಮ ಮೇಜು, ನಮ್ಮ ಹುಲಿಗೇಶ್ ಎಂದುಕೊಂಡಿದ್ದೆ. ನನ್ನನ್ನು ಹಿಡಿದು ನಿಲ್ಲಿಸಲು ನೀವು ಏನೂ ಮಾಡಬೇಕಾಗಿರಲಿಲ್ಲ. ನೀನು ಬಂದು ‘ಗೌಸಣ್ಣ, ಹೋಗ್ತೀಯೇನು?’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಬರುವುದಿಲ್ಲ. ಸಿರುಗುಪ್ಪದ ಯೂನಿಟ್ಟಿಗೂ ಹೋಗುವುದಿಲ್ಲ. ಅಲ್ಲಿಯೂ ಗೋಡೆ ಇರುತ್ತದೆ. ಕುರುಗೋಡಿನಲ್ಲಿ ಬಸ್‌ಸ್ಟ್ಯಾಂಡ್ ಹಿಂದೆ ಒಂದು ಮಳಿಗೆ ಹಿಡಿದಿದ್ದೇನೆ. ಶಾಲೆ ಮಕ್ಕಳ ಸಮವಸ್ತ್ರ, ಗಂಡಸರ ಪ್ಯಾಂಟು. ಮೇಜನ್ನು ಬಾಗಿಲ ಬೆಳಕಿಗೆ ಹಾಕಿದ್ದೇನೆ.

ಸುಂಕಣ್ಣ ಮೊಳೆ ತೆಗೆದು ಹೊಸದು ಹಾಕಿದ. ಬಣ್ಣ ಕೆರೆದ. ಅಲಗು ಮಸೆದ. ಬಳೆಗೆ ನಾನು ಹೊಸ ಚರ್ಮ ಸುತ್ತಿದೆ. ಅಕ್ಟೋಬರಿನಲ್ಲಿ ಎತ್ತಬೇಕಾದದ್ದನ್ನು ಡಿಸೆಂಬರಿನಲ್ಲಿ ಎತ್ತಿದೆ. ಮೊದಲು ಕತ್ತರಿಸಲು ಜೀನ್ಸ್ ಬಟ್ಟೆ ಇರಲಿಲ್ಲ. ನಿಮ್ಮ ಸನ್ಮಾನದ ಶಾಲು ಇತ್ತು. ಸರಿಯಾಗಿ ನಡುವೆ ಕತ್ತರಿಸಿದೆ. ಬಹಳ ನುಣ್ಣಗೆ ಹೋಯಿತು. ಒಂದು ಚೂರನ್ನು ಇದರಲ್ಲಿ ಇಟ್ಟಿದ್ದೇನೆ, ಬುತ್ತಿಚೀಲದಲ್ಲಿ ಇಟ್ಟುಕೋ.

ನನಗೆ ಇನ್ನೇನು ಬೇಕು ಎಂದು ಮೊದಲ ಕಾಗದದಲ್ಲಿ ಕೇಳಿದ್ದಿ. ಈಗ ಹೇಳುತ್ತೇನೆ. ಪೆಟ್ಟಿಗೆಯ ಹೊಸ ಕತ್ತರಿಯನ್ನು ಹುಲಿಗೇಶನಿಗೆ ಕೊಡು, ಅವನದು ಸವೆದಿದೆ. ಅದರ ಮೊಳೆಗೆ ಬಣ್ಣ ಇಳಿದಿದ್ದರೆ ಸುಂಕಣ್ಣನ ಹತ್ತಿರ ಕಳಿಸು. ನನ್ನ ಹೆಸರನ್ನು ಗೋಡೆಯಿಂದ ತೆಗೆ. ನನ್ನದಲ್ಲದ ಕತ್ತರಿಯ ಕೆಳಗೆ ನಾನಿರಬಾರದು.

ಗೌಸಣ್ಣ


ಬಳ್ಳಾರಿ
೨೩ ಡಿಸೆಂಬರ್ ೨೦೨೫

ಗೌಸಣ್ಣನವರಿಗೆ,

ಶಾಲಿನ ಚೂರು ಬುತ್ತಿಚೀಲದಲ್ಲಿದೆ.

ನಿನ್ನೆ ಮಾಲೀಕರು ಎಲ್ಲರನ್ನೂ ಸೇರಿಸಿ ಈ ವರ್ಷದ ಉತ್ತಮ ಉದ್ಯೋಗಿ ನಾನು ಎಂದು ಹೇಳಿದರು. ಮುಂಬಯಿಯವರು ಗಾಜಿನ ಪೆಟ್ಟಿಗೆಯನ್ನು ಬಹಳ ಮೆಚ್ಚಿಕೊಂಡರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ದುರುಗಪ್ಪ ಮಾತ್ರ ಕೈಕಟ್ಟಿ ನಿಂತಿದ್ದ. ‘ಹೇಳ್ರಿ ಮೇಡಂ, ನಿಮಗೇನು ಗೌರವ ಮಾಡೋಣ?’ ಎಂದು ಮಾಲೀಕರು ಎಲ್ಲರೆದುರೇ ಕೇಳಿದರು.

‘ಒಂದು ಏಣಿ ಕೊಡ್ರಿ’ ಎಂದೆ.

ತಮಾಷೆ ಎಂದುಕೊಂಡು ನಕ್ಕರು. ದುರುಗಪ್ಪ ನಗಲಿಲ್ಲ. ಹೋಗಿ ಗೋದಾಮಿನಿಂದ ಏಣಿ ತಂದ. ಸೀರೆ ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಪೆಟ್ಟಿಗೆಯ ದೀಪವನ್ನು ಬಿಚ್ಚಿದೆ. ಕತ್ತರಿಯನ್ನು ಕೆಳಗೆ ಹುಲಿಗೇಶನ ಕೈಗೆ ಕೊಟ್ಟೆ. ನಿಮ್ಮ ಹೆಸರಿನ ಫಲಕಕ್ಕೆ ನಾಲ್ಕು ಸ್ಕ್ರೂ ಇದ್ದವು, ನಾಲ್ಕನ್ನೂ ಬಿಚ್ಚಿದೆ. ಮಾಲೀಕರು ‘ಇದೇನ್ ಮೇಡಂ’ ಎಂದರು. ನಾನು ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದೆ. ನನ್ನ ಕೆಲಸ ಎಷ್ಟು ದಿನ ಇರುತ್ತದೋ ಗೊತ್ತಿಲ್ಲ.

ಏಣಿಯನ್ನು ನಿಮ್ಮ ಮೇಜಿನ ಹತ್ತಿರ ಹಾಕಿದೆ. ಆ ಕಪ್ಪಾದ ಟ್ಯೂಬನ್ನು ತೆಗೆದು ಪೆಟ್ಟಿಗೆಯ ದೀಪ ಹಾಕಿದ್ದು ದುರುಗಪ್ಪ. ಹುಲಿಗೇಶ್ ಸ್ವಿಚ್ ಒತ್ತಿದ. ಮೇಜಿನ ಮೇಲೆ ಮೂರು ವರ್ಷದ ಹಳೆಯ ಗೀಚು, ಸುಣ್ಣದ ಗುರುತು, ನಿಮ್ಮ ಮೊಣಕೈ ಊರಿ ಸವೆದ ಜಾಗ ಎಲ್ಲವೂ ಒಮ್ಮೆಲೇ ಕಂಡವು. ಹುಲಿಗೇಶ್ ಬಟ್ಟೆ ಹಾಸಿ, ಗೆರೆ ಎಳೆದು, ನಿಂತುಕೊಂಡೇ ಕತ್ತರಿಸಿದ.

ನಾನು ಪಕ್ಕದಲ್ಲಿ ನಿಂತು ಅವನ ಕೈ ನೋಡಿದೆ.

ನೀಲಮ್ಮ